ಹಿಮ್ಮಡಿ ಮೂಳೆ ಮುರಿದಾಗ ಸಿಟಿ ಸ್ಕ್ಯಾನ್ ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಅಡಿಕೆ ಕೊಯ್ಲು ಶುರುವಾಯಿತೆಂದರೆ ಮಲೆನಾಡಿನ ಕಡೆಯ ಆಸ್ಪತ್ರೆಗಳಿಗೆ ಒಂದು ಥರದ ಎಕ್ಸ್‌ರೇ ಬರತೊಡಗುತ್ತದೆ. ಕೊನೆ ತೆಗೆಯಲು ಹತ್ತಿದವರು ಜಾರಿ ಕಾಲೂರಿ ಬಿದ್ದಿರುತ್ತಾರೆ. ಹಿಮ್ಮಡಿ ಊದಿ ದಪ್ಪವಾಗಿರುತ್ತದೆ, ನೆಲಕ್ಕೆ ತಾಗಿಸಲೂ ಆಗುವುದಿಲ್ಲ. ಬೆಂಗಳೂರಿನಲ್ಲಾದರೆ ಅದೇ ಎಕ್ಸ್‌ರೇ ಸೆಂಟ್ರಿಂಗ್ ಕೆಲಸದವರದು, ಇಲ್ಲವೇ ಪೇಂಟಿಂಗ್ ಮಾಡುವಾಗ ಏಣಿಯಿಂದ ಬಿದ್ದವರದು. ಎಲ್ಲಿಂದ ಬಿದ್ದರೂ ಮೂಳೆ ಒಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಆ ರೀತಿ ಒಮ್ಮೆ ಅರ್ಥವಾದರೆ ಸಿಟಿ ಓದುವುದು ಅಷ್ಟೇನೂ ಕಷ್ಟವಲ್ಲ.

ಇದನ್ನು ಬರೆದಿರುವುದು ಮುಖ್ಯವಾಗಿ ರೇಡಿಯಾಲಜಿ ಮತ್ತು ಆರ್ಥೋ ಓದುತ್ತಿರುವ ಪಿಜಿಗಳಿಗೆ, ಸಿಟಿ ಟೆಕ್ನಿಷಿಯನ್‌ಗಳಿಗೆ. ಮನೆಯವರ ರಿಪೋರ್ಟ್ ಕೈಯಲ್ಲಿ ಹಿಡಿದು ಇದೇನಪ್ಪಾ ಎಂದು ಕೂತವರಿಗೂ ಒಂದಿಷ್ಟು ತಿಳಿದೀತು. ಆದರೆ ಚಿಕಿತ್ಸೆಯ ಮಾತನ್ನು ನಿಮ್ಮ ಡಾಕ್ಟರ ಜೊತೆಗೇ ಆಡಬೇಕು.

ಮೊದಲೇ ಒಂದು ಮಾತು. ಸ್ಯಾಂಡರ್ಸ್ ಟೈಪ್ (ಕೀಲು ಎಷ್ಟು ಹೋಳಾಗಿದೆ ಎಂದು ಸಿಟಿಯಲ್ಲಿ ನೋಡಿ ಮಾಡುವ ವಿಂಗಡಣೆ) ಇಷ್ಟು ಎಂದು ಬರೆದುಬಿಟ್ಟರೆ ರಿಪೋರ್ಟ್ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಅರ್ಧ ಕೆಲಸ ಮಾತ್ರ. ಆ ಅರ್ಧವೂ ಚಿತ್ರದ ಕೋನ ಸರಿಯಾಗಿದ್ದರೆ ಮಾತ್ರ ನಿಜವಾದೀತು.

ಮೂಳೆ ಹೇಗೆ ಒಡೆಯುತ್ತದೆ

ಹಿಮ್ಮಡಿ ಮೂಳೆ ಅಂದರೆ ಕ್ಯಾಲ್ಕೇನಿಯಸ್. ಪಾದದ ಹಿಂಭಾಗದ ಮೂಳೆಗಳಲ್ಲಿ ಇದೇ ದೊಡ್ಡದು, ಹೆಚ್ಚಾಗಿ ಮುರಿಯುವುದೂ ಇದೇ. ಹೊರಗೆ ತೆಳು ಗಟ್ಟಿ ಸಿಪ್ಪೆ, ಒಳಗೆ ಸ್ಪಂಜಿನಂಥ ಮೂಳೆ. ಬಿಸಿ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿ, ಕುಸಿದದ್ದು ಮತ್ತೆ ಮೇಲೇಳುವುದಿಲ್ಲ ಅಲ್ವಾ? ಇದೂ ಹಾಗೇ. ಸರ್ಜನ್ ಕುಸಿದ ಚೂರನ್ನು ಎತ್ತಿ ಕೂರಿಸಿದರೆ ಅದರ ಕೆಳಗೆ ಖಾಲಿ ಜಾಗ ಉಳಿಯುತ್ತದೆ.

ಈ ಮೂಳೆಯ ಮೇಲೆ ಟೇಲಸ್ ಎಂಬ ಇನ್ನೊಂದು ಮೂಳೆ ಕೂತಿರುತ್ತದೆ. ಇವೆರಡರ ನಡುವಿನದು ಸಬ್‌ಟೇಲರ್ ಕೀಲು. ಗದ್ದೆಯ ಬದುವಿನ ಮೇಲೆ, ಕಲ್ಲು ಹಾದಿಯಲ್ಲಿ ನಡೆಯುವಾಗ ಪಾದ ಒಳಕ್ಕೆ ಹೊರಕ್ಕೆ ವಾಲಿ ಹೊಂದಿಕೊಳ್ಳುವುದು ಇದರ ದೆಸೆಯಿಂದಲೇ. ಇದು ಬಿಗಿದುಹೋದರೆ ಸಿಮೆಂಟ್ ರಸ್ತೆಯಲ್ಲಿ ಹೇಗೋ ನಡೆಯಬಹುದು. ತೋಟದಲ್ಲಿ ನಡೆಯುವುದು ಕಷ್ಟ.

ಮೇಲಿಂದ ಬಿದ್ದಾಗ ಟೇಲಸ್ಸಿನ ಹೊರಬದಿಯ ಚೂಪು ಭಾಗ ಸೌದೆಗೆ ಹೊಡೆದ ಬೆಣೆಯಂತೆ ಹಿಮ್ಮಡಿ ಮೂಳೆಗೆ ಇಳಿಯುತ್ತದೆ. ಮೊದಲ ಬಿರುಕು ಓರೆಯಾಗಿ, ಮುಂದಿನ ಹೊರಬದಿಯಿಂದ ಹಿಂದಿನ ಒಳಬದಿಗೆ ಹೋಗುತ್ತದೆ. ಮೂಳೆ ಎರಡು ಹೋಳಾಗುತ್ತದೆ. ಒಳಬದಿಯ ಹೋಳಿನಲ್ಲಿ ಸಸ್ಟೆಂಟ್ಯಾಕ್ಯುಲಮ್ ಎಂಬ ಚಾಚು ಇರುತ್ತದೆ. ಇದನ್ನು ಗಟ್ಟಿ ಲಿಗಮೆಂಟ್‌ಗಳು ಟೇಲಸ್ಸಿಗೆ ಹಿಡಿದಿಟ್ಟಿರುತ್ತವೆ, ಹಾಗಾಗಿ ಇದು ಸಾಮಾನ್ಯವಾಗಿ ಜಾಗ ಬಿಟ್ಟು ಕದಲುವುದಿಲ್ಲ. ಸರ್ಜನ್‌ಗಳು ಇದನ್ನು ಕಾನ್‌ಸ್ಟಂಟ್ ಫ್ರ್ಯಾಗ್ಮೆಂಟ್ ಎನ್ನುತ್ತಾರೆ, ಉಳಿದ ಚೂರುಗಳನ್ನೆಲ್ಲ ಇದಕ್ಕೇ ತಂದು ಸ್ಕ್ರೂ ಹಾಕುತ್ತಾರೆ. ಹೊರಬದಿಯ ಹೋಳು, ಅಂದರೆ ಹಿಮ್ಮಡಿಯ ಗಡ್ಡೆ (ಟ್ಯೂಬರಾಸಿಟಿ, ಮೂಳೆಯ ಹಿಂದಿನ ದಪ್ಪ ಭಾಗ), ಮೇಲಕ್ಕೆ ಹೊರಕ್ಕೆ ಸರಿದು ವಾಲುತ್ತದೆ.

ಪೆಟ್ಟು ಅಲ್ಲಿಗೇ ನಿಲ್ಲದಿದ್ದರೆ ಎರಡನೆಯ ಬಿರುಕು ಹುಟ್ಟುತ್ತದೆ. ಅದು ನೇರ ಹಿಂದಕ್ಕೆ ಹೋಗಿ ಗಡ್ಡೆಯ ಹಿಂಬದಿಯಲ್ಲಿ ಹೊರಬಿದ್ದರೆ ಟಂಗ್ ಟೈಪ್. ಕೀಲಿನ ಹಿಂದೆಯೇ ಮೇಲಕ್ಕೆ ತಿರುಗಿದರೆ ಕೀಲಿನ ಚೂರು ಬಿಡಿಯಾಗಿ ಒಳಗೆ ಕುಸಿಯುತ್ತದೆ, ಅದು ಜಾಯಿಂಟ್ ಡಿಪ್ರೆಷನ್ ಟೈಪ್. ಈ ಎರಡು ಹೆಸರು ಕೊಟ್ಟವರು ಇಂಗ್ಲೆಂಡಿನ ಪೀಟರ್ ಎಸೆಕ್ಸ್-ಲೊಪ್ರೆಸ್ಟಿ. ಲೇಖನ 1952ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಸಿಟಿ ಎಂಬುದೇ ಇಲ್ಲದ ಕಾಲದಲ್ಲಿ ಬರೀ ಎಕ್ಸ್‌ರೇ ನೋಡಿ ಹೇಳಿದ್ದು ಇವತ್ತಿಗೂ ನಡೆಯುತ್ತಿದೆ.

ಹಂತ 1: ಸಿಟಿಗೆ ಮುಂಚೆ

ಎಕ್ಸ್‌ರೇ ನೋಡದೆ ಸಿಟಿ ತೆರೆಯಬೇಡಿ. ಪಕ್ಕದಿಂದ ತೆಗೆದ ಲ್ಯಾಟರಲ್ ಎಕ್ಸ್‌ರೇಯಲ್ಲಿ ಬೋಲರ್ ಕೋನ ಅಳೆಯಿರಿ. ವಿಯೆನ್ನಾದ ಲೊರೆನ್ಸ್ ಬೋಲರ್ ಹೇಳಿಕೊಟ್ಟ ಅಳತೆ ಇದು. ಗಡ್ಡೆಯ ಮೇಲ್ತುದಿಯಿಂದ ಪೋಸ್ಟೀರಿಯರ್ ಫ್ಯಾಸೆಟ್ಟಿನ (ಸಬ್‌ಟೇಲರ್ ಕೀಲಿನಲ್ಲಿ ಹಿಮ್ಮಡಿ ಮೂಳೆಯ ಹಿಂದಿನ ಕೀಲು ಮುಖ) ಮೇಲ್ತುದಿಗೆ ಒಂದು ಗೆರೆ, ಹಿಮ್ಮಡಿ ಮೂಳೆಯ ಮುಂದಿನ ಚಾಚಿನ ಮೇಲ್ತುದಿಯಿಂದ ಅದೇ ಬಿಂದುವಿಗೆ ಇನ್ನೊಂದು. ಎರಡರ ನಡುವಿನ ಕೋನ ಸಾಮಾನ್ಯವಾಗಿ 20ರಿಂದ 40 ಡಿಗ್ರಿ. ಮೂಳೆ ಕುಸಿದಷ್ಟೂ ಇದು ಚಪ್ಪಟೆಯಾಗುತ್ತದೆ, ಸೊನ್ನೆಗೂ ಬರುತ್ತದೆ, ಅದಕ್ಕೂ ಕೆಳಗಿಳಿಯುತ್ತದೆ. ಇನ್ನೊಂದು ಕಾಲಿನ ಎಕ್ಸ್‌ರೇ ಇದ್ದರೆ ಅದರ ಜೊತೆ ಹೋಲಿಸಿ. ಒಬ್ಬರಿಗೆ 24 ಸಹಜ, ಇನ್ನೊಬ್ಬರಿಗೆ 38 ಸಹಜ.

ಇಲ್ಲೊಂದು ಮೋಸ ಇದೆ. ಫ್ಯಾಸೆಟ್ಟಿನ ಹೊರ ಅರ್ಧ ಮಾತ್ರ ಕುಸಿದು ಒಳ ಅರ್ಧ ಜಾಗದಲ್ಲೇ ಇದ್ದರೆ ಕೋನ ಸರಿಯಾಗಿಯೇ ಕಾಣಬಹುದು. ಆಗ ಕೀಲಿನ ಗೆರೆ ಒಂದಿರಬೇಕಾದಲ್ಲಿ ಎರಡು ಕಾಣುತ್ತದೆ. ಕೋನ ನೋಡಿ ಸುಮ್ನೆ ಮನೆಗೆ ಕಳುಹಿಸಿದ ಕೇಸುಗಳು ಇಂಥವೇ.

ಜೊತೆಗೆ ಬೆನ್ನು. ಎತ್ತರದಿಂದ ಕಾಲೂರಿ ಬಿದ್ದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ, ಹೆಚ್ಚಾಗಿ ಸೊಂಟದ ಮೇಲ್ಭಾಗದಲ್ಲಿ. ಹಿಮ್ಮಡಿಯ ನೋವಿನ ಮುಂದೆ ಬೆನ್ನುನೋವು ಅವರಿಗೆ ಗೊತ್ತೇ ಆಗಿರುವುದಿಲ್ಲ. ಎರಡೂ ಹಿಮ್ಮಡಿ ಮುರಿದಿರುವುದೂ ಅಪರೂಪವಲ್ಲ. ಆದ್ದರಿಂದ ರಿಕ್ವೆಸ್ಟ್ ಫಾರಂನಲ್ಲಿ ಬಲಗಾಲು ಅಂತ ಮಾತ್ರ ಬರೆದಿದ್ದರೂ ಎಡಗಾಲು ಹೇಗಿದೆ, ಬೆನ್ನು ನೋಯುತ್ತಾ ಅಂತ ಬಾಯಿಬಿಟ್ಟು ಕೇಳಿ.

ಕಲಿಕೆಗಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. 42 ವರ್ಷದ ಕೊನೆಗಾರ, ಸುಮಾರು 15 ಅಡಿಯಿಂದ ಬಿದ್ದಿದ್ದಾರೆ. ಬಲ ಬೋಲರ್ ಕೋನ 8 ಡಿಗ್ರಿ, ಎಡಗಡೆ 31. ಬೀಡಿ ಸೇದುತ್ತಾರೆ. ಈ ಬೀಡಿ ವಿಷಯ ಸಿಟಿಗೆ ಬೇಡ, ಸರ್ಜನ್‌ಗೆ ಬೇಕು. ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಇಲ್ಲಿನ ಗಾಯ ಮಾಯುವುದು ನಿಧಾನ.

ಹಂತ 2: ಸ್ಕ್ಯಾನ್ ಮಾಡುವುದು

ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ. ಹೊಟ್ಟೆ ಖಾಲಿ ಇರಬೇಕೆಂದೂ ಇಲ್ಲ. ಪಿಒಪಿ ಸ್ಲ್ಯಾಬ್ ಹಾಕಿದ್ದರೆ ಬಿಚ್ಚಬೇಡಿ, ಅದರ ಮೂಲಕವೇ ಚೆನ್ನಾಗಿ ಬರುತ್ತದೆ. ಬಿಚ್ಚಿದರೆ ರೋಗಿ ನೋವಿಗೆ ಕಾಲು ಅಲ್ಲಾಡಿಸುತ್ತಾರೆ, ಸ್ಕ್ಯಾನ್ ಕೆಡುತ್ತದೆ.

ಅಂಗಾತ ಮಲಗಿಸಿ, ಪಾದ ಮುಂದಾಗಿ ಒಳಗೆ ಕಳುಹಿಸಿ. ಬೆರಳು ಮೇಲ್ಮುಖ, ಪಾದ ಸಾಧ್ಯವಾದಷ್ಟು 90 ಡಿಗ್ರಿಗೆ ಹತ್ತಿರ. ಬಲವಂತ ಬೇಡ. ದಿಂಬು, ಪಟ್ಟಿ ಹಾಕಿ ನಿಲ್ಲಿಸಿ. ಇನ್ನೊಂದು ಕಾಲಿಗೆ ಪೆಟ್ಟಿಲ್ಲದಿದ್ದರೆ ಮಂಡಿ ಮಡಚಿ ಹೊರಗಿಡಲು ಹೇಳಿ. ಎರಡಕ್ಕೂ ಪೆಟ್ಟಾಗಿದ್ದರೆ ಒಟ್ಟಿಗೇ ಸ್ಕ್ಯಾನ್ ಮಾಡಿ, ಆದರೆ ಚಿತ್ರ ಕಟ್ಟುವಾಗ ಒಂದೊಂದು ಪಾದವನ್ನೂ ಬೇರೆ ಬೇರೆಯಾಗಿ, ಚಿಕ್ಕ ಫೀಲ್ಡ್ ಆಫ್ ವ್ಯೂನಲ್ಲಿ ಕಟ್ಟಿ. ಎರಡೂ ಪಾದ ಒಂದೇ ದೊಡ್ಡ ಚೌಕದಲ್ಲಿ ಬಂದರೆ ಕೂದಲೆಳೆಯ ಬಿರುಕುಗಳು ಮಾಯ.

ಮೇಲೆ ಹರಡಿನ ಕೀಲಿಗಿಂತ ಕೆಲವು ಸೆಂಟಿಮೀಟರ್, ಕೆಳಗೆ ಪಾದದ ಅಡಿಯ ತನಕ, ಮುಂದೆ ಮೆಟಟಾರ್ಸಲ್ (ಬೆರಳುಗಳ ಹಿಂದಿನ ಉದ್ದ ಮೂಳೆ) ಬುಡದವರೆಗೆ ಬರಲಿ. ಹಿಮ್ಮಡಿ ಮೂಳೆಯ ಮುಂದಿನ ಕ್ಯೂಬಾಯ್ಡ್, ಟೇಲಸ್ಸಿನ ಮುಂದಿನ ನ್ಯಾವಿಕ್ಯುಲರ್ ಮೂಳೆಗಳೂ ಮುರಿದಿರಬಹುದು.

ಮೆಷಿನ್ ಮೆಷಿನ್‌ಗೆ ಸೆಟ್ಟಿಂಗ್ ಬೇರೆ. ಸುಮಾರಾಗಿ 120 ಕೆವಿ ಸಾಕು, ತೆಳು ಮೈಯವರಿಗೆ 100ಕ್ಕೂ ಇಳಿಸಬಹುದು. ಸ್ಲೈಸ್ 0.5ರಿಂದ 1 ಮಿಲಿಮೀಟರ್, ಒಂದರ ಮೇಲೊಂದು ಅರ್ಧದಷ್ಟು ಹಾಯುವಂತೆ. ಬೋನ್ ಕರ್ನೆಲ್‌ನಲ್ಲಿ ಒಮ್ಮೆ, ಸಾಫ್ಟ್ ಕರ್ನೆಲ್‌ನಲ್ಲಿ ಇನ್ನೊಮ್ಮೆ ಕಟ್ಟಿಸಿ (ಕರ್ನೆಲ್ ಅಂದರೆ ಚಿತ್ರ ಎಷ್ಟು ಚೂಪಾಗಿ ಬರಬೇಕೆಂಬ ಸೆಟ್ಟಿಂಗ್). ಎರಡನೆಯದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ, ಆಮೇಲೆ ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ) ಕಾಣಲಿಲ್ಲ ಎಂದು ಪರದಾಡುತ್ತಾರೆ. ನೋಡುವಾಗ ಮೂಳೆಗೆ ವಿಂಡೋ (ಚಿತ್ರದಲ್ಲಿ ತೋರಿಸುವ ಕಪ್ಪು-ಬಿಳುಪಿನ ವ್ಯಾಪ್ತಿ) ಸುಮಾರು 2000, ಲೆವೆಲ್ (ಅದರ ನಡುಬಿಂದು) 500. ಮಾಂಸಕ್ಕೆ 400 ಮತ್ತು 40.

ರೇಡಿಯೇಷನ್ ಬಗ್ಗೆ ಮನೆಯವರು ಕೇಳೇ ಕೇಳುತ್ತಾರೆ. ಪಾದದಲ್ಲಿ ರೇಡಿಯೇಷನ್‌ಗೆ ಬೇಗ ಕೆಡುವ ಅಂಗಗಳಿಲ್ಲ. ಹೀಗಾಗಿ ಮೈಗೆ ತಗಲುವ ಲೆಕ್ಕ ಸಾಮಾನ್ಯವಾಗಿ 0.1 ಮಿಲಿಸೀವರ್ಟ್ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. ಬಸುರಿಯಾಗಿದ್ದರೆ ಮುಂಚೆಯೇ ತಿಳಿಸಬೇಕು, ಅದು ಬೇರೆ ಮಾತು.

ಹಂತ 3: ಚಿತ್ರದ ಕೋನ ಸರಿಮಾಡುವುದು

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ಮೆಷಿನ್ ತಾನಾಗಿ ಕಟ್ಟಿಕೊಡುವ ಕರೋನಲ್ ಚಿತ್ರ ಮೇಜಿಗೆ ನೇರ ಇರುತ್ತದೆ, ಮೂಳೆಗಲ್ಲ. ರೋಗಿಯ ಪಾದ ಹೊರಕ್ಕೆ ವಾಲಿದ್ದರೆ ಚಿತ್ರವೂ ವಾಲುತ್ತದೆ. ಬಾಳೆದಿಂಡನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ಉದ್ದುದ್ದ ಬರುತ್ತದಲ್ಲ, ಹಾಗೆ ಕೀಲು ಓರೆಯಾಗಿ ಕೊಯ್ದು ಬರುತ್ತದೆ. ಬಿರುಕು ಎಲ್ಲಿದೆಯೋ ಅಲ್ಲಿ ಕಾಣದೆ ಪಕ್ಕದಲ್ಲಿ ಕಾಣುತ್ತದೆ. ಸ್ಯಾಂಡರ್ಸ್ ಟೈಪ್ ತಪ್ಪುವುದು ಹೆಚ್ಚಾಗಿ ಕಣ್ಣಿನಿಂದಲ್ಲ, ಈ ಕೋನದಿಂದ.

ವರ್ಕ್‌ಸ್ಟೇಷನ್‌ನಲ್ಲಿ ತೆಳು ಸ್ಲೈಸ್‌ಗಳನ್ನು ಎಂಪಿಆರ್‌ನಲ್ಲಿ, ಅಂದರೆ ಬೇಕಾದ ಕೋನದಲ್ಲಿ ಚಿತ್ರ ಮತ್ತೆ ಕಟ್ಟುವ ಸೌಕರ್ಯದಲ್ಲಿ, ತೆರೆಯಿರಿ. ಮೂರು ಕಿಟಕಿ ಬರುತ್ತವೆ: ಆಕ್ಸಿಯಲ್ (ಅಡ್ಡಡ್ಡ ಕೊಯ್ದ ನೋಟ), ಸ್ಯಾಜಿಟಲ್ (ಪಕ್ಕದ ನೋಟ), ಕರೋನಲ್ (ಎದುರಿನ ನೋಟ).

ಮೊದಲು ಆಕ್ಸಿಯಲ್ ಕಿಟಕಿಗೆ ಹೋಗಿ. ಹಿಮ್ಮಡಿ ಮೂಳೆಯ ಉದ್ದಕ್ಕೆ ಸರಿಯಾಗಿ, ಗಡ್ಡೆಯ ನಡುವಿನಿಂದ ಮುಂದಿನ ಚಾಚಿನ ನಡುವಿಗೆ, ಅಡ್ಡಗೆರೆಯನ್ನು ತಿರುಗಿಸಿ. ಮೂಳೆ ತೀರಾ ನುಚ್ಚಾಗಿದ್ದರೆ ಎರಡನೆಯ ಮೆಟಟಾರ್ಸಲ್‌ನ ದಿಕ್ಕು ಹಿಡಿಯಿರಿ. ಈಗ ಸ್ಯಾಜಿಟಲ್ ಕಿಟಕಿಯಲ್ಲಿ ಪಾದ ಪಕ್ಕದಿಂದ ನೋಡಿದ ಹಾಗೆ ಚೊಕ್ಕವಾಗಿ ನಿಲ್ಲುತ್ತದೆ.

ಆ ಸ್ಯಾಜಿಟಲ್‌ನಲ್ಲಿ ಟೇಲಸ್ಸಿನ ಅಡಿಯ ಕೀಲು ಮುಖವನ್ನು ನೋಡಿ. ಅದು ಮುಂದಕ್ಕೆ ಇಳಿಜಾರು. ಅದಕ್ಕೆ ಲಂಬವಾಗಿ ಗೆರೆ ಎಳೆಯಿರಿ. ಇದೇ ಸೆಮಿಕರೋನಲ್, ಸ್ಯಾಂಡರ್ಸ್ ಓದಬೇಕಾದ ಚಿತ್ರ. ಹಿಮ್ಮಡಿಯ ಕಡೆಯ ಮುಖ ಮುರಿದು ತಿರುಗಿರುತ್ತದೆ, ಅದನ್ನು ನಂಬಿ ಗೆರೆ ಎಳೆಯಬೇಡಿ. ಟೇಲಸ್ ಸಾಮಾನ್ಯವಾಗಿ ಮುರಿದಿರುವುದಿಲ್ಲ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಈ ಒಂದು ಚಿಕ್ಕ ಅಭ್ಯಾಸ ಬಹಳ ತಪ್ಪು ತಪ್ಪಿಸುತ್ತದೆ.

ಆಕ್ಸಿಯಲ್ ಮಾತ್ರ ಅಂಗಾಲಿಗೆ ಸಮಾನಾಂತರ ಇರಲಿ. ಮೂರನ್ನೂ 1ರಿಂದ 2 ಮಿಲಿಮೀಟರ್ ದಪ್ಪದಲ್ಲಿ ಸೇವ್ ಮಾಡಿ.

ನಮ್ಮ ಕೊನೆಗಾರರ ಸ್ಕ್ಯಾನ್‌ನಲ್ಲಿ ಮೆಷಿನ್ ಕೊಟ್ಟ ಕರೋನಲ್ ನೋಡಿದರೆ ಒಂದೇ ಬಿರುಕು, ಎರಡು ಹೋಳು ಅನ್ನಿಸಿತು ಅಂದುಕೊಳ್ಳಿ. ಕೋನ ಸರಿಮಾಡಿದ ಮೇಲೆ ನಡುವೆ ಕಿರಿದಾದ ಇನ್ನೊಂದು ಚೂರು ಕಂಡಿತು. ಎರಡು ಹೋಳಿದ್ದದ್ದು ಮೂರಾಯಿತು. ಸರ್ಜನ್‌ಗೆ ಇದು ಸಣ್ಣ ವಿಷಯವಲ್ಲ.

ಹಂತ 4: ಸ್ಯಾಜಿಟಲ್, ಬಿದ್ದ ಕಥೆ ಓದುವುದು

ಎಲ್ಲರೂ ಕರೋನಲ್‌ಗೆ ಓಡುತ್ತಾರೆ. ನಾನು ಸ್ಯಾಜಿಟಲ್‌ನಿಂದ ಶುರುಮಾಡುತ್ತೇನೆ. ಬೆಣೆ ಎಲ್ಲಿ ಇಳಿಯಿತು, ಏನನ್ನು ತಳ್ಳಿತು ಎಂಬುದು ಇಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಹೊರಬದಿಯಿಂದ ಒಳಬದಿಗೆ ನಿಧಾನ ಸ್ಕ್ರೋಲ್ ಮಾಡಿ. ಫ್ಯಾಸೆಟ್ಟಿನ ಚೂರು ಕೆಳಗೆ ಎಷ್ಟು ಕುಸಿದಿದೆ, ಮುಂದಕ್ಕೆ ಮಗುಚಿದೆಯೇ? ಬಿರುಕು ಹಿಂದೆ ಎಲ್ಲಿ ಹೊರಬಿದ್ದಿದೆ?

ಟಂಗ್ ಟೈಪ್ ಆಗಿದ್ದರೆ ಕೂಡಲೇ ಹಿಂಬದಿಯ ಚರ್ಮ ನೋಡಿ. ಅಕಿಲಿಸ್ ಟೆಂಡನ್, ಅಂದರೆ ಮೀನಖಂಡದಿಂದ ಇಳಿದ ದಪ್ಪ ಹುರಿ, ಆ ಚೂರನ್ನು ಮೇಲಕ್ಕೆಳೆಯುತ್ತದೆ. ಚೂರಿನ ತುದಿ ಒಳಗಿನಿಂದ ಚರ್ಮವನ್ನು ಒತ್ತುತ್ತದೆ. ಅಲ್ಲಿನ ಚರ್ಮದ ಕೆಳಗೆ ಕೊಬ್ಬು ಕಡಿಮೆ. ಗಂಟೆಗಳಲ್ಲಿ ಚರ್ಮ ಸತ್ತುಹೋಗಬಹುದು. ಇಂಥದ್ದು ಕಂಡರೆ ರಿಪೋರ್ಟ್ ಟೈಪ್ ಮಾಡುತ್ತಾ ಕೂರಬೇಡಿ, ವಾರ್ಡಿಗೆ ಫೋನ್ ಮಾಡಿ. ಬಹುತೇಕ ಹಿಮ್ಮಡಿ ಮುರಿತಗಳು ಊತ ಇಳಿಯಲೆಂದು ಒಂದೆರಡು ವಾರ ಕಾಯುತ್ತವೆ. ಇದು ಕಾಯುವುದಿಲ್ಲ.

ಬೋಲರ್ ಕೋನವನ್ನು ಸಿಟಿಯಲ್ಲಿ ಅಳೆಯಬಹುದೇ? ಅಳೆಯಬಹುದು, ಆದರೆ ತೆಳು ಸ್ಲೈಸ್ ಒಂದರಲ್ಲಿ ಆ ಮೂರು ಬಿಂದುಗಳೂ ಒಟ್ಟಿಗೆ ಸಿಗುವುದಿಲ್ಲ. ಸ್ಯಾಜಿಟಲ್ ಅನ್ನು ಮೂಳೆಯ ಅಗಲದಷ್ಟು ದಪ್ಪ ಮಾಡಿ, ಎಕ್ಸ್‌ರೇಯಂತೆ ಕಾಣುವ ಹಾಗೆ ಮಾಡಿಕೊಂಡು ಅಳೆಯಿರಿ. ಒಳ್ಳೆಯ ಲ್ಯಾಟರಲ್ ಎಕ್ಸ್‌ರೇ ಇದ್ದರೆ ಅದರಲ್ಲೇ ಅಳೆದುಬಿಡುವುದು ವಾಸಿ.

ಹಂತ 5: ಸೆಮಿಕರೋನಲ್, ಸ್ಯಾಂಡರ್ಸ್ ಟೈಪ್

ರಾಯ್ ಸ್ಯಾಂಡರ್ಸ್ ಮತ್ತು ಸಂಗಡಿಗರು 1993ರಲ್ಲಿ ಕೊಟ್ಟ ವಿಂಗಡಣೆ ಇದು. ಆಪರೇಷನ್ ಆದ 120 ಮುರಿತಗಳನ್ನು ಸಿಟಿಯಲ್ಲಿ ನೋಡಿ, ಮುಂದೆ ಅವರ ಕಾಲು ಹೇಗಾಯಿತು ಎಂದು ಹೋಲಿಸಿ ಮಾಡಿದ್ದು. ಲೆಕ್ಕಕ್ಕೆ ಬರುವುದು ಪೋಸ್ಟೀರಿಯರ್ ಫ್ಯಾಸೆಟ್ ಮಾತ್ರ.

ಟೇಲಸ್ಸಿನ ಅಡಿಯ ಕೀಲು ಮುಖ ಅತಿ ಅಗಲವಾಗಿ ಕಾಣುವ ಸ್ಲೈಸಿಗೆ ಬನ್ನಿ. ಆ ಅಗಲವನ್ನು ಮನಸ್ಸಿನಲ್ಲೇ ಮೂರು ಸಮಪಾಲು ಮಾಡಿ. ಹೊರಬದಿಯ ಗೆರೆ ಎ, ಅದರ ಒಳಗಿನದು ಬಿ. ಫ್ಯಾಸೆಟ್ಟಿನ ಒಳ ಅಂಚಿನಲ್ಲಿ, ಸಸ್ಟೆಂಟ್ಯಾಕ್ಯುಲಮ್ ಶುರುವಾಗುವಲ್ಲಿ ಮೂರನೆಯದು, ಸಿ. ಈಗ ಮುರಿತದ ಬಿರುಕುಗಳು ಈ ಗೆರೆಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ನೋಡಿ.

ಬಿರುಕು ಎಷ್ಟೇ ಇರಲಿ, ಯಾವುದೂ 2 ಮಿಲಿಮೀಟರ್‌ಗಿಂತ ಜಾಸ್ತಿ ಸರಿದಿಲ್ಲ ಎಂದರೆ ಟೈಪ್ 1. ಸರಿದ ಬಿರುಕು ಒಂದಿದ್ದರೆ ಹೋಳು ಎರಡು, ಟೈಪ್ 2. ಬಿರುಕಿನ ಜಾಗ ನೋಡಿ 2ಎ, 2ಬಿ ಅಥವಾ 2ಸಿ. ಎರಡು ಬಿರುಕು, ಮೂರು ಹೋಳು ಆದರೆ ಟೈಪ್ 3. ಅದರಲ್ಲಿ 3ಎಬಿ, 3ಎಸಿ, 3ಬಿಸಿ. ಇದರಲ್ಲಿ ನಡುವಿನ ಚೂರು ಕುಸಿದಿರುವುದೇ ಹೆಚ್ಚು. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಹೋಳಾದರೆ ಟೈಪ್ 4, ಅಂದರೆ ಕೀಲು ನುಚ್ಚುನೂರು. ಟೈಪ್ ಏರಿದಷ್ಟೂ ಫಲಿತಾಂಶ ಇಳಿಯುತ್ತದೆ. ಟೈಪ್ 4ರಲ್ಲಿ ಕೆಲವು ಸರ್ಜನ್‌ಗಳು ಮೊದಲ ಸಲವೇ ಕೀಲನ್ನು ಬೆಸೆದುಬಿಡುವ ಯೋಚನೆ ಮಾಡುತ್ತಾರೆ.

ಅಕ್ಷರಕ್ಕೂ ಬೆಲೆ ಇದೆ. ಬಿರುಕು ಒಳಬದಿಗೆ ಹೋದಷ್ಟೂ, ಹೊರಬದಿಯಿಂದ ಕೈಯಿಟ್ಟ ಸರ್ಜನ್‌ಗೆ ಅದು ಕಾಣುವುದು ಕಷ್ಟ, ಕೂರಿಸುವುದು ಇನ್ನೂ ಕಷ್ಟ. 2ಎ ಮತ್ತು 2ಸಿ ಎರಡೂ ಟೈಪ್ 2 ಆದರೂ ಆಪರೇಷನ್ ಟೇಬಲ್ ಮೇಲೆ ಒಂದೇ ಅಲ್ಲ.

ಒಂದೇ ಸ್ಕ್ಯಾನ್ ನೋಡಿ ಇಬ್ಬರು ಅನುಭವಿಗಳು ಎರಡು ಬೇರೆ ಟೈಪ್ ಹೇಳುವುದು ಇಲ್ಲಿ ಮಾಮೂಲು. ಅದಕ್ಕೇ ಟೈಪ್ ಜೊತೆಗೆ ಅಳತೆಯನ್ನೂ ಬರೆಯಿರಿ ಎನ್ನುವುದು. ಯಾವ ಚೂರು, ಎಷ್ಟು ಮಿಲಿಮೀಟರ್ ಕೆಳಗೆ, ನಡುವೆ ಎಷ್ಟು ಬಿರುಕು. ಅಳತೆ ಇದ್ದರೆ ಟೈಪ್ ಬಗ್ಗೆ ಜಗಳವಾದರೂ ಕೆಲಸ ಕೆಡುವುದಿಲ್ಲ.

ಇದೇ ಚಿತ್ರದಲ್ಲಿ ಇನ್ನೂ ಮೂರು ನಾಲ್ಕು ವಿಷಯ ಸಿಗುತ್ತವೆ. ಹಿಮ್ಮಡಿ ಒಳಕ್ಕೆ ವಾಲಿದೆಯೇ, ಅಂದರೆ ವೇರಸ್ ಇದೆಯೇ? ಸಸ್ಟೆಂಟ್ಯಾಕ್ಯುಲಮ್ ಗಟ್ಟಿಯಾಗಿದೆಯೇ? ಕಾನ್‌ಸ್ಟಂಟ್ ಎಂಬ ಹೆಸರು ನಂಬಿ ಕೂರಬೇಡಿ, ಅದೂ ಬಿರುಕು ಬಿಟ್ಟಿರುತ್ತದೆ, ಕೆಲವೊಮ್ಮೆ ಸರಿದೂ ಇರುತ್ತದೆ. ಸ್ಕ್ರೂ ಹಿಡಿಯುವ ಗೋಡೆಯೇ ಸೀಳಿದ್ದರೆ ಸರ್ಜನ್‌ಗೆ ಮೊದಲೇ ಗೊತ್ತಾಗಬೇಕು.

ಮತ್ತೆ ಹೊರಗೋಡೆ. ಪೆಟ್ಟಿಗೆ ಅದು ಹೊರಕ್ಕೆ ಉಬ್ಬಿ ಫಿಬ್ಯುಲಾದ ಕೆಳತುದಿಗೆ, ಅಂದರೆ ಹೊರಗಣ ಹರಡಿನ ಗುಬ್ಬಿಗೆ, ಹೋಗಿ ತಾಗುತ್ತಿದೆಯೇ? ಇದನ್ನು ಬರೆಯದೆ ಬಿಡುವವರೇ ಹೆಚ್ಚು. ಇದಕ್ಕೇಕೆ ಇಷ್ಟು ಒತ್ತು ಅಂದರೆ, ಈ ಮುರಿತಕ್ಕೆ ಆಪರೇಷನ್ ಬೇಕೇ ಬೇಡವೇ ಎಂಬ ವಾದ ಇನ್ನೂ ಮುಗಿದಿಲ್ಲ. 2014ರಲ್ಲಿ ಹೊರಬಂದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ, ಎರಡು ವರ್ಷದ ನಂತರ ಆಪರೇಷನ್ ಆದವರಿಗೂ ಆಗದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಆಪರೇಷನ್ ಆದವರಿಗೆ ತೊಂದರೆಗಳು ಮಾತ್ರ ಜಾಸ್ತಿ ಎಂದಿತು. ಆದರೆ ಹೊರಗೋಡೆ ಫಿಬ್ಯುಲಾಕ್ಕೆ ತಾಗುವಷ್ಟು ವಿಕಾರವಾದ ಮುರಿತಗಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಹಾಗಾಗಿ ನಿಮ್ಮ ಒಂದು ಸಾಲು ಇಲ್ಲದಿದ್ದರೆ, ಆ ಅಧ್ಯಯನ ಈ ರೋಗಿಗೆ ಅನ್ವಯಿಸುತ್ತದೋ ಇಲ್ಲವೋ ಎಂದು ಸರ್ಜನ್ ಹೇಗೆ ಹೇಳಿಯಾರು?

ಹಂತ 6: ಆಕ್ಸಿಯಲ್

ಇಲ್ಲಿ ಮುಖ್ಯವಾದದ್ದು ಮುಂದಿನ ಕೀಲು, ಕ್ಯಾಲ್ಕೇನಿಯಸ್ ಮತ್ತು ಕ್ಯೂಬಾಯ್ಡ್ ನಡುವಿನದು. ಸ್ಯಾಂಡರ್ಸ್ ವಿಂಗಡಣೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿರುಕು ಆ ಕೀಲಿಗೆ ಹೊಕ್ಕಿದೆಯೇ, ಮೆಟ್ಟಿಲಿನ ಹಾಗೆ ಏರುಪೇರಾಗಿದೆಯೇ, ಕೀಲಿನ ಎಷ್ಟು ಪಾಲು ಮುರಿದ ಚೂರಿನಲ್ಲಿದೆ ಎಂದು ಬರೆಯಿರಿ. ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಸರ್ಜನ್‌ಗಳು ಅದನ್ನು ಬೇರೆಯಾಗಿಯೇ ಯೋಚಿಸುತ್ತಾರೆ. ಹಿಮ್ಮಡಿಯ ಅಗಲವನ್ನೂ ಇಲ್ಲೇ ಅಳೆಯಬಹುದು. ವಾಸಿಯಾದ ಮೇಲೆ ಚಪ್ಪಲಿ ಹಿಡಿಸುತ್ತದೋ ಇಲ್ಲವೋ ಎಂಬುದು ಈ ಅಗಲದ ಮೇಲಿದೆ.

ಹಂತ 7: ವಿಂಡೋ ಬದಲಿಸಿ

ಮಾಂಸದ ವಿಂಡೋಗೆ ಬನ್ನಿ. ಫಿಬ್ಯುಲಾದ ಹಿಂದೆ ಎರಡು ಪೆರೋನಿಯಲ್ ಟೆಂಡನ್‌ಗಳು ಇರಬೇಕು. ಉಬ್ಬಿದ ಹೊರಗೋಡೆ ಅವನ್ನು ತಳ್ಳಿ ಫಿಬ್ಯುಲಾದ ಪಕ್ಕಕ್ಕೆ ಅಥವಾ ಮುಂದಕ್ಕೆ ಜಾರಿಸಿರುತ್ತದೆ, ಇಲ್ಲವೇ ಎರಡು ಚೂರಿನ ನಡುವೆ ಸಿಕ್ಕಿಸಿರುತ್ತದೆ. ಫಿಬ್ಯುಲಾದ ಹೊರ ಅಂಚಿನಲ್ಲಿ ಕಾಳಿನಷ್ಟು ಚೂರು ಕಿತ್ತುಬಂದಿದ್ದರೆ ಟೆಂಡನ್ ಜಾರಿದೆ ಅಂತಲೇ ಅನುಮಾನಿಸಿ.

ಒಳಬದಿಯಲ್ಲಿ ಸಸ್ಟೆಂಟ್ಯಾಕ್ಯುಲಮ್ ಅಡಿಯ ತೋಡಿನಲ್ಲಿ ಹೆಬ್ಬೆರಳು ಮಡಚುವ ಟೆಂಡನ್ ಹೋಗುತ್ತದೆ. ಅದು ಬಿರುಕಿನಲ್ಲಿ ಸಿಕ್ಕಿಕೊಂಡರೆ ಹೆಬ್ಬೆರಳು ಮಡಚಿಕೊಂಡೇ ಉಳಿಯುತ್ತದೆ. ಆಪರೇಷನ್ ಆದ ಮೇಲೆ ಉದ್ದ ಜಾಸ್ತಿಯಾದ ಸ್ಕ್ರೂ ಚುಚ್ಚುವುದೂ ಇದೇ ಟೆಂಡನ್ನಿಗೆ.

ಗಾಳಿಯ ಗುಳ್ಳೆ ಕಂಡರೆ ಗಾಯ ತೆರೆದಿದೆ ಎಂದು ತಿಳಿದು ವಾರ್ಡಿಗೆ ಹೇಳಿ. ಒಂದು ಎಚ್ಚರಿಕೆ: ಪಾದದ ಒಳ ಒತ್ತಡ ಏರಿ ಮಾಂಸಖಂಡ ಸಾಯುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಸಿಟಿಯಲ್ಲಿ ಗೊತ್ತಾಗುವುದಿಲ್ಲ. ಅದನ್ನು ಹಾಸಿಗೆಯ ಪಕ್ಕದಲ್ಲಿ ನಿಂತೇ ಹಿಡಿಯಬೇಕು. ಸಿಟಿ ರಿಪೋರ್ಟ್ ಸೌಮ್ಯವಾಗಿದೆ ಎಂದು ವಿಪರೀತ ನೋವಿನ ದೂರನ್ನು ತಳ್ಳಿಹಾಕಬಾರದು.

ಹಂತ 8: ಕೀಲು ಸೇರದ ಮುರಿತಗಳು ಮತ್ತು ಮೋಸ ಮಾಡುವ ಚಿತ್ರಗಳು

ಸುಮಾರು ನಾಲ್ಕನೇ ಒಂದು ಭಾಗದ ಹಿಮ್ಮಡಿ ಮುರಿತಗಳು ಸಬ್‌ಟೇಲರ್ ಕೀಲನ್ನು ಮುಟ್ಟುವುದಿಲ್ಲ. ಅವುಗಳಲ್ಲಿ ತುಂಬಾ ತಪ್ಪಿಹೋಗುವುದು ಮುಂದಿನ ಚಾಚಿನ ಮುರಿತ. ಪಾದ ಉಳುಕಿದಾಗ ಲಿಗಮೆಂಟ್ ಎಳೆದು ತುದಿ ಕಿತ್ತುಬರುತ್ತದೆ. ಎಲ್ಲರೂ ಉಳುಕು ಎಂದು ಎಣ್ಣೆ ನೀವಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ, ತಿಂಗಳಾದರೂ ನೋವು ಹೋಗದಿದ್ದಾಗ ಬರುತ್ತಾರೆ. ಸ್ಯಾಜಿಟಲ್‌ನಲ್ಲಿ ಕಾಣುತ್ತದೆ. ಆದರೆ ಅದೇ ಜಾಗದಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ಹೆಚ್ಚುವರಿ ಮೂಳೆಯೂ ಕೆಲವರಿಗೆ ಇರುತ್ತದೆ. ಅದರ ಅಂಚು ನುಣುಪು, ಸುತ್ತಲೂ ಸಿಪ್ಪೆ ಪೂರ್ತಿ. ಮುರಿದ ಚೂರಿನ ಒಂದು ಅಂಚಾದರೂ ಒರಟು.

ಪೋಸ್ಟೀರಿಯರ್ ಫ್ಯಾಸೆಟ್ ಮುಂದಿನ ಚಾಚನ್ನು ಕೂಡುವಲ್ಲಿನ ಗಿಸಾನ್ ಕೋನದ ಕೆಳಗೆ ಮೂಳೆಯ ಎಳೆಗಳು ಸಹಜವಾಗಿಯೇ ವಿರಳ. ಅಲ್ಲಿ ಕಪ್ಪು ತ್ರಿಕೋನ ಕಂಡರೆ ಟ್ಯೂಮರ್ ಎಂದು ಹೆದರಬೇಡಿ. ಮಕ್ಕಳಲ್ಲಿ ಹಿಮ್ಮಡಿಯ ಹಿಂದಿನ ಬೆಳೆಯುವ ಮೂಳೆ ಚೂರು ಚೂರಾಗಿ, ಬಿಳಿಯಾಗಿ ಕಾಣುವುದೂ ಸಹಜ. ಇನ್ನು ದಿನಗಟ್ಟಲೆ ಓಡಿ ಅಥವಾ ಕವಾಯತು ಮಾಡಿ ಬರುವ ಸ್ಟ್ರೆಸ್ ಫ್ರ್ಯಾಕ್ಚರ್. ಶುರುವಿನಲ್ಲಿ ಸಿಟಿ ಸರಿಯಾಗಿಯೇ ಇರಬಹುದು. ಅನುಮಾನ ಇದ್ದರೆ ಎಂಆರ್‌ಐ.

ಸಕ್ಕರೆ ಕಾಯಿಲೆಯ ವಯಸ್ಸಾದವರಲ್ಲಿ ಸಣ್ಣ ಪೆಟ್ಟಿಗೇ ಅಕಿಲಿಸ್ ಹಿಡಿದ ಭಾಗ ಕೊಕ್ಕಿನಂತೆ ಕಿತ್ತುಬರುತ್ತದೆ. ಅದಕ್ಕೂ ಚರ್ಮದ ಮಾತು, ಫೋನ್ ಮಾಡುವ ಮಾತು ಅನ್ವಯ.

ಹಂತ 9: ರಿಪೋರ್ಟ್ ಬರೆಯುವುದು

ರಿಪೋರ್ಟ್ ಇಂಗ್ಲಿಷಿನಲ್ಲೇ ಹೋಗುತ್ತದೆ, ಆದರೆ ಒಳಗೆ ಏನಿರಬೇಕು ಎಂಬುದಕ್ಕೆ ನಮ್ಮ ಕೊನೆಗಾರರದ್ದನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

"ಬಲ ಕ್ಯಾಲ್ಕೇನಿಯಸ್‌ನಲ್ಲಿ ಸಬ್‌ಟೇಲರ್ ಕೀಲನ್ನು ಒಳಗೊಂಡ ಮುರಿತ, ಜಾಯಿಂಟ್ ಡಿಪ್ರೆಷನ್ ಮಾದರಿ. ಪೋಸ್ಟೀರಿಯರ್ ಫ್ಯಾಸೆಟ್ ಮೂರು ಹೋಳಾಗಿದೆ, ಬಿರುಕುಗಳು ಎ ಮತ್ತು ಬಿ ಜಾಗದಲ್ಲಿ, ಸ್ಯಾಂಡರ್ಸ್ 3ಎಬಿ. ನಡುವಿನ ಚೂರು 5 ಮಿಲಿಮೀಟರ್ ಕುಸಿದು ಮುಂದಕ್ಕೆ ಮಗುಚಿದೆ. ಸಸ್ಟೆಂಟ್ಯಾಕ್ಯುಲಮ್ ಸರಿದಿಲ್ಲ, ಅದರಲ್ಲಿ ಬಿರುಕಿಲ್ಲ. ಕ್ಯೂಬಾಯ್ಡ್ ಕೀಲಿಗೆ ಬಿರುಕು ಹೊಕ್ಕಿದೆ, ಏರುಪೇರು 1 ಮಿಲಿಮೀಟರ್‌ಗಿಂತ ಕಡಿಮೆ. ಹೊರಗೋಡೆ ಉಬ್ಬಿ ಫಿಬ್ಯುಲಾದ ತುದಿಗೆ ತಾಗುತ್ತಿದೆ. ಪೆರೋನಿಯಲ್ ಟೆಂಡನ್‌ಗಳು ಸಿಕ್ಕಿಕೊಂಡಿಲ್ಲ, ಹೊರಕ್ಕೆ ತಳ್ಳಿಸಿಕೊಂಡಿವೆ. ಗಡ್ಡೆ ಸ್ವಲ್ಪ ವೇರಸ್. ಹಿಂಬದಿಯ ಚರ್ಮಕ್ಕೆ ಒತ್ತಡವಿಲ್ಲ. ಗಾಳಿ ಇಲ್ಲ. ಟೇಲಸ್, ಕ್ಯೂಬಾಯ್ಡ್, ನ್ಯಾವಿಕ್ಯುಲರ್ ಸರಿಯಾಗಿವೆ. ಬೆನ್ನುಮೂಳೆಯ ಪರೀಕ್ಷೆ ಆಗದಿದ್ದರೆ ಮಾಡಿಸುವುದು."

ಸ್ಯಾಂಡರ್ಸ್ ಬಂದದ್ದು ಒಂದು ಸಾಲಿನ ಕೊನೆಗೆ. ಸರ್ಜನ್ ನಿಜವಾಗಿ ಓದುವುದು ಉಳಿದ ಸಾಲುಗಳನ್ನು. ಇಲ್ಲ ಎಂಬುದನ್ನೂ ಬರೆದಿರುವುದು ಗಮನಿಸಿ. ಚರ್ಮದ ಬಗ್ಗೆ ಏನೂ ಬರೆಯದಿದ್ದರೆ ಅದು ಸರಿ ಇದೆ ಎಂದೋ ನೀವು ನೋಡಲಿಲ್ಲ ಎಂದೋ ಅವರಿಗೆ ತಿಳಿಯುವುದಿಲ್ಲ.

ಮೂರು ಆಯಾಮದ ತ್ರೀಡಿ ಚಿತ್ರವನ್ನೂ ಎಲ್ಲರೂ ಕೇಳುತ್ತಾರೆ. ಕೊಡಿ. ಟೇಲಸ್ ಮತ್ತು ಮೇಲಿನ ಮೂಳೆಗಳನ್ನು ಅಳಿಸಿ ಫ್ಯಾಸೆಟ್ಟನ್ನು ಮೇಲಿಂದ ತೋರಿಸಿದರೆ ಸರ್ಜನ್‌ಗೆ ಖುಷಿ, ಮನೆಯವರಿಗೆ ಅರ್ಥ ಮಾಡಿಸಲೂ ಸುಲಭ. ಆದರೆ ಅದರಲ್ಲಿ ಸಣ್ಣ ಬಿರುಕುಗಳು ಮುಚ್ಚಿಹೋಗುತ್ತವೆ. ಟೈಪ್ ಹೇಳಲು ಅದನ್ನು ಬಳಸಬೇಡಿ.

ಆಪರೇಷನ್ ಆದ ಮೇಲೆ

ಪ್ಲೇಟ್, ಸ್ಕ್ರೂ ಇದ್ದರೆ ಕೆವಿ ಏರಿಸಿ, ಮೆಟಲ್ ಆರ್ಟಿಫ್ಯಾಕ್ಟ್ ಕಡಿಮೆ ಮಾಡುವ ಸೌಲಭ್ಯ ಮೆಷಿನ್‌ನಲ್ಲಿದ್ದರೆ ಹಾಕಿ. ಅದೇ ಕೋನ, ಅದೇ ಮೂರು ಚಿತ್ರ. ಕೀಲಿನಲ್ಲಿ ಏರುಪೇರು ಉಳಿದಿದೆಯೇ, ಸ್ಕ್ರೂ ತುದಿ ಕೀಲಿಗೆ ಹೊಕ್ಕಿದೆಯೇ ಅಥವಾ ಒಳಬದಿಯಲ್ಲಿ ಹೊರಬಿದ್ದಿದೆಯೇ ನೋಡಿ. ಕೆಲವು ತಿಂಗಳ ನಂತರದ ಸ್ಕ್ಯಾನ್ ಆದರೆ ಮೂಳೆ ಕೂಡಿದೆಯೇ, ಸಬ್‌ಟೇಲರ್ ಕೀಲು ಸವೆಯುತ್ತಿದೆಯೇ ಎಂಬುದು ಮುಖ್ಯ.

ಕೊನೆಗೊಂದು ಕೈಕೆಲಸ. ನೀವು ಕಷ್ಟಪಟ್ಟು ಕೋನ ಸರಿಮಾಡಿದ ಸೆಮಿಕರೋನಲ್ ಮತ್ತು ಸ್ಯಾಜಿಟಲ್‌ಗಳನ್ನು ಬೇರೆ ಸೀರೀಸ್ ಆಗಿ ಸೇವ್ ಮಾಡಿ, ಹೆಸರಿಟ್ಟು, ಸಿಡಿಗೆ ಹಾಕಿ. ರೋಗಿ ಆ ಸಿಡಿ ಹಿಡಿದು ಬಸ್ ಹತ್ತಿ ಬೇರೆ ಊರಿನ ಸರ್ಜನ್ ಹತ್ತಿರ ಹೋಗುತ್ತಾರೆ. ಅಲ್ಲಿನ ಕಂಪ್ಯೂಟರ್‌ನಲ್ಲಿ ಎಂಪಿಆರ್ ತಿರುಗಿಸುವ ಸೌಕರ್ಯ ಇಲ್ಲದಿದ್ದರೆ ಮೆಷಿನ್ ಕೊಟ್ಟ ಓರೆ ಕರೋನಲ್ ಒಂದೇ ಅವರ ಕಣ್ಣಿಗೆ ಬೀಳುತ್ತದೆ, ಮೂರು ಹೋಳು ಮತ್ತೆ ಎರಡಾಗುತ್ತದೆ.